ಟವೆಲ್ಲಿಗೆ ಸಿಕ್ಕಿಸಿದ ಮೈಕು

ಸ್ಕೂಲಿನ ಕೆಲಸ ಬಿಟ್ಟು, ಇನ್ನು ಮುಂದೆ ಬರೆದೇ ಬದುಕುತ್ತೇನೆ ಎಂದು ಘೋಷಿಸಿದ ವಾರದಲ್ಲಿ ನಾನು ಬರೆದದ್ದು ಒಂದೇ, ಆನ್‌ಲೈನ್ ಅಂಗಡಿಗಳಿಗೆ ಮನೆಯ ವಿಳಾಸ. ಹೊಸದಾಗಿ ಬರವಣಿಗೆ ಶುರು ಮಾಡುವವರಿಗೆ ಯಾವ ಯಾವ ಸಲಕರಣೆ ಬೇಕು ಎಂದು ಮೊಬೈಲಿನಲ್ಲಿ ಹುಡುಕಿದ್ದೆ. ಪಟ್ಟಿ ಕೊಡುವವರಿಗೆ ಬರವಿರಲಿಲ್ಲ. ಬೆನ್ನು ನೋಯಿಸದ ಕುರ್ಚಿ, ಹೊರಗಿನ ಸದ್ದು ಕೇಳಿಸದ ಹೆಡ್‌ಫೋನು, ಗೋಡೆಗೆ ಬಿಳಿ ಬೋರ್ಡು, ಬಣ್ಣಬಣ್ಣದ ಅಂಟುಚೀಟಿ, ಮಾತನ್ನು ತಾನೇ ಅಕ್ಷರ ಮಾಡಿಕೊಡುವ ಆ್ಯಪು, ನಾವು ಕೆಲಸ ಬಿಟ್ಟು ಬೇರೇನಾದರೂ ನೋಡಿದರೆ ಗಂಟೆ ಬಾರಿಸುವ ಇನ್ನೊಂದು ಆ್ಯಪು. ಒಂದನ್ನೂ ಬಿಡಲಿಲ್ಲ. ದಾವಣಗೆರೆ ವಿದ್ಯಾನಗರದಲ್ಲಿ ಅಣ್ಣನ ಮನೆ, ಅದರ ಮಹಡಿ ಮೇಲಿನ ರೂಮು ನನ್ನದು. ಪಾರ್ಸೆಲ್ಲುಗಳು ಒಂದರ ಹಿಂದೊಂದು ಮೆಟ್ಟಿಲು ಹತ್ತಿ ಬಂದವು.

ಅಣ್ಣ ಒಂದು ಸಂಜೆ ಬಂದು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕಣ್ಣಾಡಿಸಿ ನೋಡಿದ.

"ಎಲ್ಲಾ ಬಂತು. ಪೆನ್ನು ಯಾವಾಗ ಬರ್ತೈತೆ?" ಎಂದ.

ಅವನದು ಟೈಲ್ಸ್ ಅಂಗಡಿ. ಅಲ್ಲಿ ಬಿಲ್ಲಿಂಗ್ ಕೌಂಟರಿನ ಜಾಗ ಖಾಲಿ ಇಟ್ಟುಕೊಂಡು ನನಗಾಗಿ ಕಾಯುತ್ತಿದ್ದ. ಕೆಟ್ಟ ಮನುಷ್ಯನಲ್ಲ. ತಂಗಿ ಬಿಸಿಲಲ್ಲಿ ಅಲೆಯುವುದು ಬೇಡ, ಫ್ಯಾನಿನ ಕೆಳಗೆ ಕೂತಿರಲಿ ಅನ್ನುವ ಪ್ರೀತಿ. ಆ ಪ್ರೀತಿಗೆ ನಾನು ಹೆದರುತ್ತಿದ್ದೆ. ಕೊನೆಗೆ ಇಬ್ಬರಿಗೂ ಒಂದು ಒಪ್ಪಂದವಾಯಿತು.

"ದೀಪಾವಳಿ ತನಕ ಸುಮ್ನಿರ್ತೀನಿ. ಅಷ್ಟ್ರಾಗೆ ನೀ ಬರ್ದಿದ್ದು ಒಂದು ಪುಸ್ತಕ ನನ್ನ ಕಣ್ಣಿಗೆ ಕಾಣ್ಬೇಕು. ಇಲ್ಲಾಂದ್ರೆ ಹಬ್ಬ ಮುಗ್ಸಿ ಕೌಂಟರ್‌ನಾಗೆ ಬಂದು ಕೂಡ್ಬೇಕು. ಆಗ ಕೊಂಕು ಮಾತು ಬ್ಯಾಡ," ಎಂದ.

ಆಗಲಿ ಎಂದುಬಿಟ್ಟೆ. ಆಗಿನ್ನೂ ಗಣಪತಿ ಹಬ್ಬ ಬಂದಿರಲಿಲ್ಲ, ದೀಪಾವಳಿ ಬಹಳ ದೂರ ಇರುವ ಹಾಗೆ ಕಾಣುತ್ತಿತ್ತು.

ಕೆಲಸ ಬಂದದ್ದು ಹರಿಹರದಿಂದ. ನನ್ನ ಹತ್ತಿರ ಓದಿದ ಹುಡುಗಿಯೊಬ್ಬಳ ಸೋದರಮಾವ ಫೋನ್ ಮಾಡಿದರು. ಅವರ ತಂದೆ ಹರಿಹರದಲ್ಲಿ ದೊಡ್ಡ ಜವಳಿ ಅಂಗಡಿ ಇಟ್ಟವರು. ಈ ದೀಪಾವಳಿಯ ಅಂಗಡಿ ಪೂಜೆಯ ದಿನ ಬೀಗದ ಕೈ ಮಗನಿಗೆ ಕೊಟ್ಟು ತಾವು ಮನೆಯಲ್ಲಿ ಕೂರುವುದು ಎಂದು ತೀರ್ಮಾನ ಮಾಡಿದ್ದಾರೆ. ಅವತ್ತು ಬಂದ ಬೀಗರು ಬಿಜ್ಜರಿಗೆ ಎಲೆ ಅಡಿಕೆ ಜೊತೆ ಒಂದು ಪುಸ್ತಕ ಕೊಡಬೇಕು, ಅಪ್ಪಾಜಿಯ ಜೀವನ ಅದರಲ್ಲಿ ಇರಬೇಕು. ಪುಸ್ತಕ ಸಣ್ಣದಿದ್ದರೂ ಸಾಕು, ಪೂಜೆಯ ಹೊತ್ತಿಗೆ ಕೈಗೆ ಬಂದಿರಬೇಕು. ಹೆಸರು ಬರೆಯಬೇಡ ಎಂದು ಆ ಮನೆಯವರು ಹೇಳಿರುವುದರಿಂದ ಇಲ್ಲಿ ತಂದೆ ಯಜಮಾನರು, ಅವರ ಹೆಂಡತಿ ಅಮ್ಮ, ಫೋನ್ ಮಾಡಿದವರು ಮಗ, ಇಷ್ಟೇ.

ಫೋನ್ ಇಡುವ ಮುಂಚೆ ಮಗ ತಡವರಿಸುತ್ತಾ ಕೇಳಿದರು. "ಮೇಡಂ, ನೀವು ಕೆಲ್ಸ ಬಿಟ್ಟು ಸ್ವಂತ ಶುರು ಮಾಡೀರಂತಲ್ಲ, ಧೈರ್ಯ ಹೆಂಗೆ ಬಂತು ನಿಮಗೆ?"

"ಧೈರ್ಯ ಏನ್ ಬಂತು, ಮಾಡೋಣ ಅನ್ನಿಸ್ತು, ಮಾಡಿದೆ," ಎಂದೆ. ಆ ಮಾತು ಹೇಳುವಾಗ ನನ್ನ ಇನ್ನೊಂದು ಕೈ ಬ್ಯಾಂಕಿನ ಪಾಸ್‌ಬುಕ್ಕಿನ ಕೊನೆಯ ಪುಟ ತಿರುವುತ್ತಿತ್ತು. ಫೋನಿನಲ್ಲಿ ಪಾಸ್‌ಬುಕ್ಕು ಕಾಣುವುದಿಲ್ಲ, ಪುಣ್ಯ.

ಮೊದಲ ಸಲ ಹೋದಾಗ ಬ್ಯಾಗು ಮದುವೆಗೆ ಹೊರಟವರ ಹಾಗೆ ತುಂಬಿತ್ತು. ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ಹೆಂಗಸರ ಫ್ರೀ ಟಿಕೆಟ್ ತಗೊಂಡೆ. ಅಷ್ಟೆಲ್ಲ ಸಲಕರಣೆ ಕೊಂಡಿದ್ದರಲ್ಲಿ ಆವರೆಗೆ ತಕರಾರಿಲ್ಲದೆ ಕೆಲಸ ಮಾಡಿದ್ದು ಆ ಕಾರ್ಡು ಒಂದೇ, ಅದನ್ನು ನಾನು ಕೊಂಡಿರಲಿಲ್ಲ.

ಅಂಗಡಿಯ ಮೇಲೇ ಮನೆ. ದೊಡ್ಡ ಹಾಲು, ಅದಕ್ಕೆ ಅಂಟಿಕೊಂಡೇ ಅಡುಗೆಮನೆ, ನಡುವೆ ಬಾಗಿಲಿಲ್ಲದ ಬಾಗಿಲು. ಯಜಮಾನರು ಬಿಳಿ ಪಂಚೆ, ಬನಿಯನ್ನು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಕೂತಿದ್ದರು. ನನ್ನ ಕೈಯಲ್ಲಿ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಪ್ರಶ್ನೆಗಳ ಹಾಳೆ ಇತ್ತು. ಗಂಟಲು ಸರಿ ಮಾಡಿಕೊಂಡು ಮೊದಲನೆಯದನ್ನು ಓದಿದೆ.

"ನಿಮ್ಮ ಬಾಲ್ಯದ ಮೊಟ್ಟಮೊದಲ ನೆನಪು ಯಾವುದು?"

"ಅದು ಹಂಗಿರ್ಲಿ. ಮೊದ್ಲು ತಿನ್ರಿ," ಎಂದರು.

ಹಾಲಿನ ನಡುವೆ ನ್ಯೂಸ್‌ಪೇಪರ್ ಹಾಸಿದ್ದಾಯಿತು. ಅದರ ಮೇಲೆ ಅಮ್ಮ ಖಾರ ಮಂಡಕ್ಕಿ ಸುರಿದರು, ರಾಶಿಯ ಸುತ್ತ ಮಿರ್ಚಿ ಬಜ್ಜಿ ಇಟ್ಟರು. ನಮ್ಮ ಕಡೆ ಇದು ಗೊತ್ತಿದ್ದದ್ದೇ. ಮಂಡಕ್ಕಿ ಬರುವ ತನಕ ಯಾರೂ ಮಾತು ಶುರು ಮಾಡುವುದಿಲ್ಲ, ಮಂಡಕ್ಕಿ ಮುಗಿಯುವ ತನಕ ಯಾರೂ ಮಾತು ನಿಲ್ಲಿಸುವುದಿಲ್ಲ. ಯಜಮಾನರು ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡದ್ದೇ ತಡ, ಕಟ್ಟೆ ಒಡೆದಂತೆ ಮಾತು ಬಂತು. ನಾನು ಗಡಬಡಿಸಿ ಮೊಬೈಲಿನ ರೆಕಾರ್ಡರ್ ಹಚ್ಚಿ, ಎಲ್ಲರ ಮಾತೂ ಸಮನಾಗಿ ಬೀಳಲಿ ಎಂದು ಪೇಪರಿನ ನಡುಮಧ್ಯಕ್ಕೆ, ಮಂಡಕ್ಕಿ ರಾಶಿಗೆ ಆನಿಸಿ ಇಟ್ಟೆ. ಆಮೇಲೆ ನಾನೂ ಕೈ ಹಾಕಿದೆ.

ಊರಿಗೆ ಬಂದು ಹೆಡ್‌ಫೋನ್ ಏರಿಸಿಕೊಂಡರೆ ಕಿವಿಯೊಳಗೆ ಕರುಂ ಕುರುಂ. ನಾವು ಮೂವರು ಅಗಿದದ್ದು ಬಿಟ್ಟರೆ ಬೇರೇನೂ ಇಲ್ಲ. ಎಲ್ಲೋ ದೂರದಲ್ಲಿ ಒಬ್ಬರು ಲೋಕಿಕೆರೆ ಎಂದು ಊರಿನ ಹೆಸರು ಹೇಳಿದ ಹಾಗೆ, ಇನ್ನೊಂದು ಕಡೆ ಮದುವೆ ಎಂದ ಹಾಗೆ. ಮಾತನ್ನು ಅಕ್ಷರ ಮಾಡುವ ಆ್ಯಪಿಗೆ ಕೊಟ್ಟೆ. ಅದು ಬಹಳ ಹೊತ್ತು ಯೋಚನೆ ಮಾಡಿ, ಪುಟದ ತುಂಬ 'ಚಪ್ಪಾಳೆ', ಮತ್ತೆ 'ಚಪ್ಪಾಳೆ', ಮತ್ತೂ 'ಚಪ್ಪಾಳೆ' ಎಂದು ಬರೆದುಕೊಟ್ಟಿತು.

ಅಣ್ಣ ನನ್ನ ಹೆಗಲ ಹಿಂದಿನಿಂದ ಓದಿದ. "ಮೊದ್ಲನೇ ದಿನಾನೇ ಇಷ್ಟು ಚಪ್ಪಾಳೆ ಬಿದ್ದಾವ? ಪರವಾಗಿಲ್ಲ ಬಿಡು," ಎಂದು ಇಳಿದು ಹೋದ.

ಎರಡನೇ ಸಲ ಹೋದಾಗ ಧೈರ್ಯ ಮಾಡಿ, ಇವತ್ತು ಮೊದಲು ಮಾತಾಡಿಬಿಡೋಣ, ಮಂಡಕ್ಕಿ ಆಮೇಲೆ ಎಂದೆ. ಹಾಲಿನಲ್ಲಿ ಏನೋ ಆಗಬಾರದ್ದು ಆದ ಹಾಗೆ ಯಜಮಾನರು ನನ್ನ ಮುಖ ನೋಡಿದರು.

"ಯಾಕ, ಮೊನ್ನೆ ಖಾರ ಜಾಸ್ತಿ ಆಗಿತ್ತೇನು?" ಎಂದು ಅಮ್ಮ ಒಳಗಿನಿಂದ ಕೇಳಿದರು.

ಇಲ್ಲ ಇಲ್ಲ ಎಂದು ಸಮಾಧಾನ ಮಾಡಿ ಕೂತೆ. ಆದರೆ ಖಾಲಿ ಕೈಯ ಯಜಮಾನರು ಬೇರೆಯೇ ಮನುಷ್ಯ. ಕೋರ್ಟಿನಲ್ಲಿ ಸಾಕ್ಷಿಗೆ ನಿಂತವರ ಹಾಗೆ ಹೌದು, ಇಲ್ಲ, ಗೊತ್ತಿಲ್ಲ, ಇಷ್ಟೇ. ಬಲಗೈ ಆಗಾಗ ತಾನೇ ನೆಲಕ್ಕಿಳಿದು, ಏನೂ ಸಿಗದೆ ವಾಪಸು ತೊಡೆಯ ಮೇಲೆ ಬಂದು ಕೂರುತ್ತಿತ್ತು. ಅಂಗಡಿ ಹೆಂಗೆ ಶುರು ಮಾಡಿದಿರಿ ಎಂದು ಕೇಳಿದರೆ "ಬೀಗ ತೆಗ್ದು" ಎಂದರು. ನಾನೇ ಸೋತು, ಅಮ್ಮಾ ಮಂಡಕ್ಕಿ ತಗೊಂಡು ಬರ್ರಿ ಎಂದೆ.

ಅಂದರೆ ಮಂಡಕ್ಕಿಯೂ ಬೇಕು, ಅದರ ಸದ್ದು ಮಾತ್ರ ಬೇಡ. ಮತ್ತೆ ಇಂಟರ್‌ನೆಟ್ಟಿಗೆ ಹೋದೆ. ಅಂಗಿಗೆ ಸಿಕ್ಕಿಸುವ ವೈರಿಲ್ಲದ ಮೈಕು ಸಿಕ್ಕಿತು. ಹೆಬ್ಬೆರಳಿನಷ್ಟು ಗಾತ್ರ, ಹಿಂದೆ ಕ್ಲಿಪ್ಪು, ಮುಂದೆ ಹಸಿರು ದೀಪ. ಬಾಯಿಗೆ ಹತ್ತಿರವಿರುವವರ ಮಾತನ್ನು ಚೆನ್ನಾಗಿ ಹಿಡಿದು, ಗೋಡೆಯಾಚೆ ಇದ್ದರೂ ಮೊಬೈಲಿಗೆ ಕಳಿಸುತ್ತದೆ ಎಂದು ಬರೆದಿದ್ದರು. ಆ ಗೋಡೆಯಾಚೆ ಎನ್ನುವ ಮಾತಿಗೆ ನಾನು ಆವಾಗ ಗಮನ ಕೊಡಲಿಲ್ಲ.

ಮೈಕನ್ನು ಯಜಮಾನರ ಎದೆಯ ಹತ್ತಿರ ಸಿಕ್ಕಿಸಬೇಕು. ಆದರೆ ಅವರು ಮನೆಯಲ್ಲಿ ಅಂಗಿ ತೊಡುವವರಲ್ಲ. ಬನಿಯನ್ನಿನ ಕೊರಳಿಗೆ ಹಾಕಿದರೆ ಅದು ಜೋತುಬಿದ್ದು ಹೊಟ್ಟೆಯ ತನಕ ಬಂತು. ಜವಳಿ ವ್ಯಾಪಾರ ಮಾಡಿದವರಲ್ಲವೇ, ಬಟ್ಟೆ ಹಿಗ್ಗುವುದನ್ನು ನೋಡಿ ಸಂಕಟಪಟ್ಟರು. "ತಡೀರಿ, ಇದು ಅಂಚು ಗಟ್ಟಿ ಐತೆ," ಎಂದು ತಾವೇ ಹೆಗಲ ಟವೆಲ್ಲಿನ ತುದಿ ಮುಂದೆ ಹಿಡಿದರು. ಸಿಕ್ಕಿಸಿದೆ. ಭದ್ರವಾಗಿ ಕೂತಿತು. ಹಸಿರು ದೀಪ ಮಿನುಗಿತು. ಆ ದೀಪ ನೋಡಿ ನನಗಾದ ಖುಷಿ ಹೇಳತೀರದು.

ಆಮೇಲೆ ಏಳೆಂಟು ಸಲ ಹೋಗಿ ಬಂದೆ. ಪ್ರತಿ ಸಲ ಅದೇ ಕ್ರಮ. ಮೈಕು ಸಿಕ್ಕಿಸುವುದು, ಮಂಡಕ್ಕಿ ಬರುವುದು, ಯಜಮಾನರು ಶುರು ಮಾಡುವುದು. ಎಣ್ಣೆಯ ಮಿರ್ಚಿ ಮುಟ್ಟಿದ ಕೈಯನ್ನು ಟವೆಲ್ಲಿಗೆ ಒರೆಸಲು ಹೋಗುವುದು. ಅಮ್ಮ ಎಲ್ಲಿದ್ದರೋ ಬಂದು, "ಈಗಿನ್ನ ಒಗ್ದು ಕೊಟ್ಟಿದ್ದು, ಕೊಡ್ರಿ ಇಲ್ಲಿ" ಎಂದು ಟವೆಲ್ಲು ಕಿತ್ತುಕೊಂಡು, ತಮ್ಮ ಹೆಗಲಿಗೆ ಹಾಕಿಕೊಂಡು ಒಲೆಯ ಕಡೆ ಹೋಗುವುದು. ನಾನು ಹೊರಡುವಾಗ ಯಜಮಾನರು ಬರೀ ಬನಿಯನ್ನಿನಲ್ಲಿ ಬಾಗಿಲಿಗೆ ಬರಬಾರದೆಂದು ಮತ್ತೆ ಟವೆಲ್ಲು ತರಿಸಿ ಹಾಕಿಕೊಳ್ಳುವುದು. ನಾನು ಮೈಕು ಬಿಚ್ಚಿಕೊಂಡು ಬರುವುದು. ಮೈಕು ಟವೆಲ್ಲಿನಲ್ಲಿದೆ ಎಂದು ನನಗೆ ಗೊತ್ತಿತ್ತು. ಟವೆಲ್ಲು ಅಡುಗೆಮನೆಗೆ ಹೋಗುತ್ತದೆ ಎಂದೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಯೋಚನೆ ಮಾಡಲಿಲ್ಲ, ಅಷ್ಟೇ.

ಪ್ರತಿ ಸಲ ಮನೆಗೆ ಬಂದು ರೆಕಾರ್ಡಿಂಗ್ ಹಚ್ಚಿ ಕೇಳಬಾರದಿತ್ತೇ ಎಂದು ನೀವು ಅನ್ನಬಹುದು. ಎಲ್ಲವನ್ನೂ ತುಂಬಿಕೊಂಡು ಒಟ್ಟಿಗೆ ಕೂತು ಕೇಳಬೇಕು, ಆಗ ಪುಸ್ತಕದ ರೂಪ ತಾನೇ ಹೊಳೆಯುತ್ತದೆ ಎಂದು ಒಬ್ಬ ಪಟ್ಟಿಗಾರ ಬರೆದಿದ್ದ. ಅವನ ಮನೆಯಲ್ಲಿ ಟವೆಲ್ಲುಗಳು ಇದ್ದಲ್ಲೇ ಇರುತ್ತವೇನೋ.

ದಸರಾ ಮುಗಿಯಿತು. ಬಿಳಿ ಬೋರ್ಡಿನ ಮೇಲೆ 'ಬರವಣಿಗೆ ಆರಂಭ' ಎಂದು ಕೆಂಪಗೆ ಬರೆದು, ಹೆಡ್‌ಫೋನ್ ಹಾಕಿಕೊಂಡು ಕೂತೆ. ಮೊದಲು ಯಜಮಾನರ ದನಿ ಸ್ವಚ್ಛವಾಗಿ ಬಂತು. ಆಹಾ ಎಂದುಕೊಂಡೆ. ನಂತರ ಏನೋ ಬಟ್ಟೆ ಎಳೆದಾಡಿದ ಸದ್ದು. ಆಮೇಲೆ ಚೊಂಯ್ ಎಂದು ಎಣ್ಣೆ, ಸೌಟಿನ ಸದ್ದು, ಬಳೆಯ ಸದ್ದು. ಯಜಮಾನರ ದನಿ ಪಕ್ಕದ ಮನೆಗೆ ಹೋದ ಹಾಗೆ ಸಣ್ಣಗಾಯಿತು. ಮುಂದಿನದನ್ನು ಹಚ್ಚಿದೆ, ಚೊಂಯ್. ಅದರ ಮುಂದಿನದು, ಚೊಂಯ್. ಇಷ್ಟು ದಿನ ಬಸ್ಸು ಹತ್ತಿಳಿದು ನಾನು ಸಂಗ್ರಹಿಸಿದ್ದು ಮಿರ್ಚಿ ಕರಿಯುವ ಸದ್ದು.

ತಲೆ ಹಿಡಿದುಕೊಂಡು ಕೂತೆ. ಹೆಡ್‌ಫೋನ್ ತೆಗೆಯುವುದನ್ನು ಮರೆತಿದ್ದೆ. ಹಾಗಾಗಿ ಕೇಳಿಸಿತು.

ದೂರದ ಹಾಲಿನಲ್ಲಿ ಯಜಮಾನರು ಹೇಳುತ್ತಿದ್ದರು. ಒಂದು ಮಳೆಗಾಲ ಹೊಳೆ ನೀರು ಅಂಗಡಿ ಬೀದಿಗೆ ಬಂದಾಗ ಮೊಣಕಾಲು ನೀರಿನಲ್ಲಿ ನಿಂತು ಸೀರೆಯ ಗಂಟುಗಳನ್ನೆಲ್ಲ ಸ್ವತಃ ಹೊತ್ತು ಮಹಡಿಗೆ ಸಾಗಿಸಿದ ಕಥೆ. ಅದರ ಮೇಲೆ, ಕಿವಿಗೆ ಬಾಯಿಟ್ಟು ಹೇಳಿದಷ್ಟು ಹತ್ತಿರದಿಂದ, ಅಮ್ಮನ ದನಿ. ಯಾರಿಗೂ ಅಲ್ಲ, ಬಾಣಲೆಗೆ ಹೇಳುತ್ತಿದ್ದರು.

"ಹೊತ್ತಿದ್ದು ಹಮಾಲ್ರು. ಇವ್ರು ಛತ್ರಿ ಹಿಡ್ಕಂಡು ನಿಂತಿದ್ರು. ಅದೂ ನನ್ ಛತ್ರಿ."

ನಾನು ನೆಟ್ಟಗೆ ಕೂತೆ. ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. ಯಜಮಾನರು ಹೇಳುತ್ತಿದ್ದರು, ಗಿರಾಕಿಯ ಮುಖ ನೋಡಿದ ಕೂಡಲೇ ಯಾವ ಬಣ್ಣ ಬೇಕೆಂದು ಹೇಳಿಬಿಡುತ್ತಿದ್ದೆ, ದಾವಣಗೆರೆ ಹೋಲ್‌ಸೇಲಿನಲ್ಲಿ ನಾನು ಆರಿಸಿದ ಸೀರೆ ಒಂದೂ ಉಳಿಯುತ್ತಿರಲಿಲ್ಲ. ಬಾಣಲೆಗೆ ಮಾಹಿತಿ ಹೋಯಿತು. "ಇವ್ರು ಆರ್ಸಿದ್ವು ಎಲ್ಲಾ ಕಂದು ಬಣ್ಣ. ಎರಡು ವರ್ಷ ಕೆಲ್ಸದಾಕಿಗೆ ಹಬ್ಬಕ್ಕೆ ಅವನ್ನೇ ಕೊಟ್ವಿ. ಆಮೇಲೆ ಸೀರಿಗೆ ನಾನೇ ಹೋಗಾಕೆ ಹತ್ತಿದ್ದು." ಪ್ರತಿ ಕಥೆಗೂ ಒಂದು ತಿದ್ದುಪಡಿ ಇತ್ತು. ಸಿಟ್ಟಿನಿಂದ ಹೇಳಿದ್ದಲ್ಲ. ಉಪ್ಪು ಕಡಿಮೆಯಾದದ್ದನ್ನು ನೋಡಿ ಒಂದು ಚಿಟಿಕೆ ಹಾಕುವ ದನಿ ಅದು.

ಅದರಲ್ಲಿ ಅಂಗಡಿ ತೆರೆದ ದಿನದ ಕಥೆಯೂ ಇತ್ತು. ಯಜಮಾನರ ಪ್ರಕಾರ, ಅವತ್ತು ಅವರು ಬೆಳಕು ಹರಿಯುವ ಮುಂಚೆ ಎದ್ದು, ಎದೆ ಗಟ್ಟಿ ಮಾಡಿಕೊಂಡು ಬೀಗ ತೆಗೆದರು, ಗಿರಾಕಿಗಳು ಬೀದಿಯ ತುದಿತನಕ ನಿಂತಿದ್ದರು. ಅಮ್ಮನ ಪ್ರಕಾರ, "ಅವತ್ತು ಇವ್ರು ಜ್ವರ ಬಂದು ಮಲಗಿದ್ರು. ಬೀಗ ತೆಗ್ದಿದ್ದು ನಾನು, ಬೋಣಿ ಮಾಡಿದ್ದೂ ನಾನು. ಬಂದಾಕಿ ಒಬ್ಬಾಕಿ, ಅದೂ ಲಂಗಕ್ಕೆ ಬಟ್ಟೆ ಕೇಳ್ಕಂಡು."

ನಗು ಬಂತು, ಹಿಂದೆಯೇ ಪೇಚಾಟವೂ ಬಂತು. ಮಗ ನನ್ನನ್ನು ಬರೆಯಲು ಕೇಳಿದ್ದು ಯಜಮಾನರ ಜೀವನ. ಮೊದಲು ಮರ್ಯಾದಸ್ಥರ ಹಾಗೆ ನೆನಪಿನಿಂದ ಅವರ ಕಥೆಯನ್ನೇ ಬರೆಯಲು ಕೂತೆ. ಒಂದು ಅಧ್ಯಾಯ ಮುಗಿಸಿ ಓದಿದರೆ ಸನ್ಮಾನ ಪತ್ರದ ಹಾಗಿತ್ತು, ಕೆಳಗೆ ಶಾಲು ಹೊದಿಸುವುದು ಬಾಕಿ. ಅಳಿಸಿದೆ. ಜೀವ ಇದ್ದದ್ದು ಆ ಎರಡು ದನಿಗಳ ನಡುವೆ. ಆದರೆ ಅಮ್ಮನಿಗೆ ತಮ್ಮ ಮಾತು ರೆಕಾರ್ಡ್ ಆಗಿದೆ ಎಂದೇ ಗೊತ್ತಿಲ್ಲ. ಕದ್ದು ಕೇಳಿದ್ದನ್ನು ಅಚ್ಚು ಹಾಕಿಸಿ, ಅವರದೇ ಮನೆಯ ಪೂಜೆಯಲ್ಲಿ ಅವರದೇ ಬೀಗರಿಗೆ ಹಂಚುವುದು ಹೇಗೆ? ಗೊತ್ತಿಲ್ಲದ ಹಾಗೆ ಇಷ್ಟಿಷ್ಟೇ ಸೇರಿಸಿಬಿಡೋಣ ಎಂದೂ ಅನ್ನಿಸಿತು. ಹಬ್ಬ ಹತ್ತಿರ ಬರುತ್ತಿತ್ತು, ಅಣ್ಣ ಕೌಂಟರಿನ ಕಂಪ್ಯೂಟರಿಗೆ ಹೊಸ ಪರದೆ ಹಾಕಿಸಿದ್ದ. ಎರಡು ದಿನ ಒದ್ದಾಡಿ, ಮೂರನೆಯ ದಿನ ಹೆಡ್‌ಫೋನನ್ನು ಬ್ಯಾಗಿಗೆ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದೆ.

ಯಜಮಾನರು ಕೆಳಗೆ ಅಂಗಡಿಯಲ್ಲಿದ್ದ ಹೊತ್ತು ನೋಡಿ ನೇರ ಅಡುಗೆಮನೆಗೆ ಹೋದೆ. ಅಮ್ಮ ತೊಗರಿಬೇಳೆ ಹಸನು ಮಾಡುತ್ತಾ ಕೂತಿದ್ದರು. ಏನೂ ಹೇಳದೆ ಹೆಡ್‌ಫೋನನ್ನು ಅವರ ತುರುಬಿನ ಮೇಲಿಂದ ಇಳಿಸಿ ಕಿವಿಗೆ ಕೂರಿಸಿದೆ. ಛತ್ರಿಯ ಭಾಗ ಹಚ್ಚಿದೆ.

"ಯಾರವ್ವ ಇಷ್ಟು ಬಾಯಿ ಮಾಡಾಕಿ?" ಎಂದು ಬೀದಿಗೆ ಕೇಳಿಸುವಷ್ಟು ಜೋರಾಗಿ ಕೇಳಿದರು. ಹೆಡ್‌ಫೋನ್ ಹಾಕಿಕೊಂಡವರೆಲ್ಲ ಹಾಗೇ ಮಾತಾಡುವುದು.

ಸ್ವಲ್ಪ ಹೊತ್ತಿಗೆ ಅವರ ಕೈಯ ಮೊರ ನಿಂತಿತು. ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ನಾನು ಮೈಕು, ಟವೆಲ್ಲು, ಒಲೆ, ಎಲ್ಲವನ್ನೂ ಬಿಡಿಸಿ ಹೇಳಿದೆ. ತಪ್ಪು ನನ್ನದು, ನಿಮ್ಮನ್ನು ಕೇಳದೆ ಒಂದಕ್ಷರವನ್ನೂ ಬರೆಯುವುದಿಲ್ಲ ಎಂದೆ.

"ಇವ್ರು ಕೇಳ್ಯಾರಾ ಇದನ್ನ?"

"ಇಲ್ಲ ಅಮ್ಮ. ನಾನೊಬ್ಬಳೇ."

"ಅಳ್ಸಾಕೆ ಬರ್ತೈತಾ?"

"ಬರ್ತೈತೆ. ಈಗ್ಲೇ ಅಳಿಸ್ತೀನಿ," ಎಂದು ಮೊಬೈಲು ಎತ್ತಿಕೊಂಡೆ. ಮನಸ್ಸಿನಲ್ಲಿ ಟೈಲ್ಸ್ ಅಂಗಡಿಯ ಫ್ಯಾನು ತಿರುಗತೊಡಗಿತು.

"ತಡಿ," ಎಂದರು. "ಇನ್ನೊಂಚೂರು ಕೇಳ್ತೀನಿ."

ಇನ್ನೊಂಚೂರು ಎಂದವರು ಕುಕ್ಕರ್ ಕೂಗಿದರೂ ಏಳಲಿಲ್ಲ. ನಾನೇ ಎದ್ದು ಗ್ಯಾಸು ಆರಿಸಿದೆ. ಅಮ್ಮನ ಮುಖದಲ್ಲಿ ಒಂದು ಸಲ ನಗು, ಒಂದು ಸಲ ನಾಚಿಕೆ. ಕಂದು ಸೀರೆಯ ಕಡೆ ತಾವೇ ಹೇಳಿದ ಮಾತಿಗೆ ತಾವೇ "ಹ್ಞೂ, ಮತ್ತೆ" ಎಂದು ಒಪ್ಪಿಗೆ ಕೊಟ್ಟರು. ಎಲ್ಲ ಮುಗಿದ ಮೇಲೆ ಹೆಡ್‌ಫೋನನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು.

"ಎಲ್ಲಾ ಖರೇನೇ ಐತೆ. ಬರಿ. ಆದ್ರೆ ಅಚ್ಚಿಗೆ ಕೊಡೋಕ್ ಮುಂಚೆ ಅವ್ರಿಗೆ ಓದಿ ಹೇಳು. ಅವ್ರು ಬ್ಯಾಡ ಅಂದ್ರೆ ಬ್ಯಾಡ, ನನ್ ಹೆಸ್ರು ಹೇಳಿ ವಾದ ಮಾಡ್ಬ್ಯಾಡ."

ಅಲ್ಲಿಂದ ಮುಂದೆ ಬರವಣಿಗೆ ಓಡಿತು. ಪ್ರತಿ ಅಧ್ಯಾಯದಲ್ಲೂ ಮೇಲೆ ಯಜಮಾನರು ಹೇಳಿದ ಕಥೆ, ಅವರದೇ ಮಾತಿನಲ್ಲಿ. ಕೆಳಗೆ ಸಣ್ಣ ಅಕ್ಷರದಲ್ಲಿ 'ಅಡುಗೆಮನೆಯಿಂದ' ಎಂಬ ತಲೆಬರಹ, ಅದರಡಿ ಅಮ್ಮನ ಎರಡು ಮೂರು ಸಾಲು. ಗಂಟೆ ಬಾರಿಸುವ ಆ್ಯಪನ್ನು ತೆಗೆದುಹಾಕಿದೆ, ಅದು ನಾನು ನಕ್ಕಾಗಲೆಲ್ಲ ಬಾರಿಸುತ್ತಿತ್ತು. ಅಂಟುಚೀಟಿಗಳನ್ನು ಅತ್ತಿಗೆ ಡಬ್ಬಿಗಳಿಗೆ ಜೀರಿಗೆ, ಸಾಸಿವೆ ಎಂದು ಬರೆದು ಅಂಟಿಸಿಕೊಂಡರು.

ದಾವಣಗೆರೆಯ ಪ್ರೆಸ್ಸಿನಲ್ಲಿ ಇನ್ನೊಂದು ಗಂಡಾಂತರ ಕಾದಿತ್ತು. ನಾನು ಟೈಪ್ ಮಾಡಿದ್ದು ಯೂನಿಕೋಡಿನಲ್ಲಿ, ಅವರು ಪುಟ ಕಟ್ಟುವುದು 'ನುಡಿ' ಎಂಬ ಹಳೆಯ ಫಾಂಟಿನಲ್ಲಿ. ಒಂದರಿಂದ ಇನ್ನೊಂದಕ್ಕೆ ಬದಲಿಸಿದಾಗ ಒತ್ತಕ್ಷರಗಳು ಅಲ್ಲಲ್ಲಿ ಬಿಟ್ಟುಹೋಗಿ, ಯಜಮಾನರ ಜೀವನ ಹಲ್ಲು ಬಿದ್ದವರು ಮಾತಾಡಿದ ಹಾಗಾಯಿತು. ಮಂಡಿಪೇಟೆಯ ಆ ಸಣ್ಣ ಕೋಣೆಯಲ್ಲಿ ಡಿಟಿಪಿ ಮಾಡುವವರ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಸಾಲು ಸಾಲು ನೋಡಿ ಸರಿ ಮಾಡಿಸಿದೆ.

"ಮೇಡಂ, ಈ ಕೆಳಗಿಂದು ಎಲ್ಲಾ ತಿದ್ದುಪಡಿ ಇದ್ದಂಗೆ ಐತಲ್ರಿ?" ಎಂದು ಅವರು ಕೇಳಿದರು.

"ಹೌದ್ರಿ."

"ಮತ್ತೆ ಮೇಲಿಂದ್ರಾಗೇ ತಿದ್ದಿ ಕೊಟ್ಬಿಟ್ರೆ ಪುಟ ಕಮ್ಮಿ ಆಗ್ತಿದ್ವಲ್ರಿ."

ಹಾಗೆ ಮಾಡಿದರೆ ಮನೆ ಒಡೆಯುತ್ತದೆ ಎಂದೆ. ಅವರಿಗೂ ಮದುವೆಯಾಗಿತ್ತು, ಮುಂದೆ ಪ್ರಶ್ನೆ ಬರಲಿಲ್ಲ.

ಕರಡು ಪ್ರತಿ ತಗೊಂಡು ಹರಿಹರಕ್ಕೆ ಹೋದೆ. ಅವತ್ತೇ ಒಪ್ಪಿಗೆ ಸಿಕ್ಕರೆ ಅಚ್ಚಾಗಿ ಹಬ್ಬಕ್ಕೆ ಬರುತ್ತದೆ, ಬದಲಾವಣೆ ಜಾಸ್ತಿಯಾದರೆ ಇಲ್ಲ ಎಂದು ಪ್ರೆಸ್ಸಿನವರು ಖಡಾಖಂಡಿತ ಹೇಳಿದ್ದರು. ಮಗ ಮೆಟ್ಟಿಲ ಹತ್ತಿರವೇ ಸಿಕ್ಕರು. ಮುಖ ಸೊರಗಿತ್ತು. ಅಂಗಡಿಗೆ ಹೊಸ ಗಾಜು, ಹೊಸ ದೀಪ ಎಂದು ಓಡಾಡುತ್ತಿದ್ದರು. "ಅಪ್ಪಾಜಿ ಹ್ಞೂ ಅಂದ್ರೆ ನಂದೂ ಹ್ಞೂ, ಮೇಡಂ," ಎಂದು ಹಿಂದೆಯೇ ಬಂದು ಬಾಗಿಲ ಹತ್ತಿರ ನಿಂತರು.

ಪೇಪರ್ ಹಾಸಿದ್ದಾಯಿತು, ಮಂಡಕ್ಕಿ ಬಂತು. ಅಮ್ಮ ಸುರಿದವರೇ ನನ್ನ ಮುಖ ನೋಡದೆ ಒಳಗೆ ಹೋದರು. ನಾನು ಓದತೊಡಗಿದೆ. ತಮ್ಮ ಕಥೆ ಕೇಳಿ ಯಜಮಾನರು ತಲೆದೂಗಿದರು. ಮೊದಲ 'ಅಡುಗೆಮನೆಯಿಂದ' ಬಂದಾಗ ಅಗಿಯುವುದು ನಿಧಾನವಾಯಿತು, ಟವೆಲ್ಲಿನ ಮೈಕು ಒಲೆಯ ಮುಂದಿನ ಮಾತು ಹಿಡಿದದ್ದನ್ನು ನಾನು ಹೇಳಿದೆ. ಛತ್ರಿ ಬಂದಾಗ ಹೊಟ್ಟೆ ಕುಣಿಯುವ ಹಾಗೆ ನಕ್ಕರು. "ಛತ್ರಿ ಅಕಿದೇ. ಹೂವಿನ ಛತ್ರಿ," ಎಂದರು. ನನಗೆ ಉಸಿರು ಬಂತು. ಕಂದು ಸೀರೆಯನ್ನೂ ಒಪ್ಪಿದರು, ಆದರೆ ಆ ಬಣ್ಣ ಈಗ ಓಡುತ್ತಿದೆ ಎಂದು ಸೇರಿಸಿದರು. ಅಡುಗೆಮನೆಯಿಂದ ಮಾತ್ರ ಅವತ್ತು ಸೌಟಿನ ಸದ್ದೂ ಇಲ್ಲ.

ಅಂಗಡಿ ತೆರೆದ ದಿನಕ್ಕೆ ಬಂದೆ. ಎದೆ ಗಟ್ಟಿ ಮಾಡಿಕೊಂಡು ಬೀಗ ತೆಗೆದದ್ದನ್ನು ಓದಿದೆ. ಕೆಳಗಿನ ಸಣ್ಣ ಅಕ್ಷರಗಳನ್ನೂ ಓದಿದೆ. ಅವತ್ತು ಇವರು ಜ್ವರ ಬಂದು ಮಲಗಿದ್ದರು.

ಯಜಮಾನರು ಬಾಯಿಗೆ ಹಾಕಿಕೊಳ್ಳಲಿದ್ದ ಮುಷ್ಟಿಯನ್ನು ಪೇಪರಿನ ಮೇಲೆ ವಾಪಸು ಸುರಿದರು.

"ಇದು ತಪ್ಪೈತೆ," ಎಂದರು.

ಮುಗಿಯಿತು ಎಂದುಕೊಂಡೆ. ಇಷ್ಟು ದಿನದ ಓಡಾಟ, ಅಮ್ಮ ಕೊಟ್ಟ ಒಪ್ಪಿಗೆ, ಎಲ್ಲ ಹೋಯಿತು. ಆ ಸಾಲುಗಳನ್ನು ಹೊಡೆದುಹಾಕಲು ಪೆನ್ನಿನ ಮುಚ್ಚಳ ತೆಗೆದೆ.

"ಜ್ವರ ಇರ್ಲಿಲ್ಲ," ಎಂದರು ಯಜಮಾನರು. ಅವರು ನನ್ನನ್ನು ನೋಡುತ್ತಿರಲಿಲ್ಲ. "ಹೆದ್ರಿಕಿ ಇತ್ತು. ಹೊಲ ಬಿಟ್ಟು ಬಂದಿದ್ದೆ. ಅಂಗ್ಡಿ ತುಂಬ ಅರಿವಿ ತುಂಬಿದ್ದೆ. ಬೀಗ ತೆಗ್ದು ಕೂತಾಗ ಯಾರೂ ಬರ್ಲಿಲ್ಲ ಅಂದ್ರೆ ಬೀದಿ ಮಂದಿಗೆ ಮುಖ ಹೆಂಗೆ ತೋರ್ಸದು ಅಂತ ಕೈಕಾಲೇ ಬರ್ಲಿಲ್ಲ. ಕಂಬ್ಳಿ ಹೊದ್ಕಂಡು ಜ್ವರ ಅಂದೆ. ಇಕಿ ನಂಬಿದ್ಲು."

ಆಗ ಅಡುಗೆಮನೆಯಿಂದ ದನಿ ಬಂತು, ಮೆತ್ತಗೆ.

"ಯಾರು ನಂಬಿದ್ದು? ಹಣಿ ಮುಟ್ಟಿ ನೋಡಿದ್ದೆ. ತಣ್ಣಗಿತ್ತು."

ಯಜಮಾನರು ಆ ಕಡೆ ತಿರುಗಿದರು. ಅಮ್ಮ ಬಾಗಿಲಿಲ್ಲದ ಬಾಗಿಲಿಗೆ ಬಂದು ನಿಂತಿದ್ದರು.

"ಗೊತ್ತಿತ್ತಾ ನಿನಗೆ? ಮತ್ಯಾಕ ಇಷ್ಟು ವರ್ಷ ಜ್ವರ ಜ್ವರ ಅಂತಿದ್ದಿ? ಒಲಿ ಮುಂದೆ ಒಬ್ಬಾಕೇ ಇದ್ದಾಗ್ಲೂ?"

"ಮತ್ತೇನಂತ ಅನ್ಬೇಕಿತ್ರೀ?" ಎಂದರು ಅಮ್ಮ.

ನನಗೆ ಕಣ್ಣು ತುಂಬಿ ಬಂತು. ಮಿರ್ಚಿಯ ಖಾರ ಎಂದು ತೋರಿಸಿಕೊಳ್ಳಲು ಒಂದು ಮಿರ್ಚಿ ಕಚ್ಚಿದೆ, ಅದು ನಿಜವಾಗಿಯೂ ಖಾರವಿತ್ತು.

ಅಮ್ಮ ನನ್ನ ಕಡೆ ನೋಡಿ, "ಪುಸ್ತಕದಾಗೆ ಜ್ವರ ಅಂತ್ಲೇ ಇರ್ಲಿ ತಾಯಿ. ನಾಕು ಮಂದಿ ಓದ್ತಾರೆ," ಎಂದರು.

"ಬ್ಯಾಡ," ಎಂದರು ಯಜಮಾನರು. "ಹೆದ್ರಿಕಿ ಅಂತ್ಲೇ ಬರೀರಿ. ಅಕಿ ಹಣಿ ಮುಟ್ಟಿ ನೋಡಿದ್ದೂ ಬರೀರಿ." ಬಾಗಿಲ ಹತ್ತಿರ ನಿಂತಿದ್ದ ಮಗನ ಕಡೆ ಗದ್ದ ಎತ್ತಿ ತೋರಿಸಿದರು. "ಇವ್ನು ವಾರದಿಂದ ಸರಿಯಾಗಿ ಉಂಡಿಲ್ಲ. ಹೊಟ್ಟಿ ಸರಿ ಇಲ್ಲ ಅಂತಾನೆ. ಓದ್ಕಳ್ಳಿ."

ಮಗ ತಲೆ ತಗ್ಗಿಸಿದರು. ಬಂದು ಅಪ್ಪನ ಪಕ್ಕ ನೆಲದ ಮೇಲೆ ಕೂತು, ಒಂದು ಮುಷ್ಟಿ ಮಂಡಕ್ಕಿ ತಗೊಂಡರು.

ನಾನು ಕರಡಿನಲ್ಲಿ ಒಂದು ಪದ ಹೊಡೆದು ಇನ್ನೊಂದು ಬರೆದೆ, ಕೆಳಗೆ ಎರಡು ಸಾಲು ಸೇರಿಸಿದೆ. ಯಜಮಾನರು ಅಚ್ಚು ಹಾಕ್ಸ್ರಿ ಎಂದರು. ಬಸ್ ಸ್ಟ್ಯಾಂಡಿಗೆ ಬಂದು ಪ್ರೆಸ್ಸಿಗೆ ಫೋನ್ ಮಾಡಿ ಹೇಳಿದೆ, ಹಬ್ಬಕ್ಕೆ ಕೊಡ್ತೀವಿ ಎಂದರು. ಆಮೇಲೆ ಅಣ್ಣನಿಗೆ ಮಾಡಿದೆ.

"ಪುಸ್ತಕ ಅಚ್ಚಿಗೆ ಹೋಯ್ತು. ಕೌಂಟರಿಗೆ ಬೇರೆ ಯಾರನ್ನಾರ ನೋಡ್ಕ," ಎಂದೆ.

ಅವನು ಖುಷಿಪಟ್ಟ. ಆಮೇಲೆ ವ್ಯಾಪಾರಸ್ಥನ ಹಾಗೆ ಕೇಳಿದ. "ಇದಾದ್ಮೇಲೆ? ಬೇರೆ ಕೆಲ್ಸ ಬಂದೈತಾ?"

"ಇಲ್ಲ."

"ಮತ್ತೆ ಹೆದ್ರಿಕಿ ಆಗಲ್ಲೇನು ನಿನಗೆ?"

ದಾವಣಗೆರೆಯ ಬಸ್ಸು ಬಂದು ನಿಂತಿತ್ತು. ಇಷ್ಟು ದಿನ ಈ ಪ್ರಶ್ನೆಗೆ ನನ್ನ ಹತ್ತಿರ ಬೇಕಾದಷ್ಟು ಉತ್ತರಗಳಿದ್ದವು.

"ಭಾಳ ಆಗ್ತೈತಣ್ಣ," ಎಂದೆ. "ಆದ್ರೂ ಕೌಂಟರಿಗೆ ಬರಲ್ಲ."